ಹೇಳಿದ ಪಾಕೆಟ್ ತಪ್ಪಿದರೆ ಫೌಲ್ ಅಲ್ಲ

ಸಂಪಾದಕರೇ,

ಮೇಜಿನ ಮೇಲೆ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರಿಂದ ಬೇರೆ ಚೆಂಡುಗಳನ್ನು ಪಾಕೆಟ್‌ಗೆ ಬೀಳಿಸುವ ಪೂಲ್ ಆಟದ ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಯಾವ ಚೆಂಡು ಯಾವ ಪಾಕೆಟ್‌ಗೆ ಎಂದು ಹೊಡೆಯುವ ಮೊದಲೇ ಹೇಳುವ ನಿಯಮ ಇದರಲ್ಲಿದೆ. ಆದರೆ 'ಹೇಳಿದ ಪಾಕೆಟ್‌ಗೆ ಚೆಂಡು ಬೀಳದಿದ್ದರೆ ಫೌಲ್' ಎಂಬ ಸಾಲು ತಪ್ಪು. ಇದೇ ತಪ್ಪಿನಿಂದ ನಾನು ಒಮ್ಮೆ ಗೆಳೆಯನ ಜೊತೆ ಅರ್ಧ ಗಂಟೆ ಜಗಳ ಆಡಿದ್ದೇನೆ, ಅದಕ್ಕೇ ಈ ಪತ್ರ.

ಅವತ್ತು ಆಡುತ್ತಿದ್ದದ್ದು 8 ಬಾಲ್, ಅಂದರೆ ತನ್ನ ಏಳು ಚೆಂಡು ಹಾಕಿ ಕೊನೆಗೆ ಕಪ್ಪು 8 ಹಾಕಿದವನು ಗೆಲ್ಲುವ ಆಟ. ನನ್ನವು ಸಾಲಿಡ್ಸ್, ಅಂದರೆ ಪೂರ್ತಿ ಒಂದೇ ಬಣ್ಣದ 1ರಿಂದ 7. ಕೆಂಪು 3 ಮೂಲೆಯ ಪಾಕೆಟ್‌ಗೆ ಎಂದು ಹೇಳಿ ಹೊಡೆದೆ. ಅದು ಪಾಕೆಟ್ಟಿನ ಬಾಯಿಗೆ ತಾಗಿ, ಹಿಂದೆ ಬಂದು, ಇನ್ನೊಂದು ಚೆಂಡನ್ನು ಸವರಿಕೊಂಡು ನಿಧಾನಕ್ಕೆ ನಡುವಿನ ಪಾಕೆಟ್‌ಗೆ ಬಿತ್ತು. ಗೆಳೆಯ ಕೂಡಲೇ ಬಿಳಿ ಚೆಂಡನ್ನು ಕೈಗೆ ತೆಗೆದುಕೊಂಡ. 'ಫೌಲ್, ಬಾಲ್ ಇನ್ ಹ್ಯಾಂಡ್' ಎಂದ, ಅಂದರೆ ಬಿಳಿ ಚೆಂಡನ್ನು ತನಗೆ ಬೇಕಾದಲ್ಲಿ ಇಟ್ಟು ಹೊಡೆಯುತ್ತೇನೆ ಎಂದು. ಅಲ್ಲ. ನನ್ನ ಸರದಿ ಮುಗಿಯಿತು, ಅಷ್ಟೇ. 3 ಒಳಗೇ ಉಳಿಯುತ್ತದೆ. ಅವನು ಬಿಳಿ ಚೆಂಡು ನಿಂತಲ್ಲಿಂದಲೇ ಆಡಬೇಕು. ಅದು ನನ್ನ 5 ಮತ್ತು 7ರ ಹಿಂದೆ ಅಡಗಿ ಕೂತಿತ್ತು, ಅವನ ಒಂದು ಚೆಂಡೂ ನೇರಕ್ಕೆ ಕಾಣುತ್ತಿರಲಿಲ್ಲ. ಸಿಟ್ಟು ಬರುವುದು ಸಹಜ ಅಲ್ವಾ? ನನಗೂ ಇದು ಪೂರ್ತಿ ನ್ಯಾಯ ಅನ್ನಿಸುವುದಿಲ್ಲ. ಪೂಲ್‌ನ ಇನ್ನೊಂದು ಬಗೆಯಾದ 10 ಬಾಲ್ ಆಟದಲ್ಲಿ ಇದಕ್ಕೆ ಪರಿಹಾರ ಇದೆ: ಹೀಗೆ ಅಡ್ಡಾದಿಡ್ಡಿ ಬಿದ್ದರೆ, ಎದುರಾಳಿ ತಾನು ಆಡಬಹುದು, ಬೇಡವಾದರೆ 'ನೀನೇ ಮುಂದುವರಿಸು' ಎಂದು ವಾಪಸ್ ಕೊಡಬಹುದು. 8 ಬಾಲ್‌ನಲ್ಲಿ ಅದಿಲ್ಲ.

ಇನ್ನೊಂದು ಮಾತು. ಹೇಳಬೇಕಾದದ್ದು ಚೆಂಡು ಮತ್ತು ಪಾಕೆಟ್ ಮಾತ್ರ. ಎಷ್ಟು ಕುಶನ್ (ಮೇಜಿನ ಒಳ ಅಂಚಿನ ರಬ್ಬರ್ ಪಟ್ಟಿ) ಮುಟ್ಟುತ್ತದೆ, ದಾರಿಯಲ್ಲಿ ಯಾವುದಕ್ಕೆ ತಾಗುತ್ತದೆ ಎಂದೆಲ್ಲ ಹೇಳಬೇಕಿಲ್ಲ. ಕಣ್ಣಿಗೆ ಕಾಣುವ ನೇರ ಹೊಡೆತಕ್ಕೆ ಬಾಯಿ ಬಿಡುವುದೂ ಬೇಡ. ಕುಶನ್‌ಗೆ ಹೊಡೆಸಿ ಹಾಕುವ, ಒಂದು ಚೆಂಡಿನಿಂದ ಇನ್ನೊಂದನ್ನು ಹಾಕುವಂಥ, ಸ್ಪಷ್ಟವಲ್ಲದ ಹೊಡೆತಕ್ಕೆ ಹೇಳಲೇಬೇಕು. ಬ್ರೇಕ್‌ಗೆ, ಅಂದರೆ ಆಟ ಶುರುಮಾಡುವ ಮೊದಲ ಹೊಡೆತಕ್ಕೆ, ಏನೂ ಹೇಳಬೇಕಿಲ್ಲ. 9 ಬಾಲ್‌ನಲ್ಲಂತೂ ಸಾಮಾನ್ಯವಾಗಿ ಪಾಕೆಟ್ ಹೇಳುವ ಗೊಡವೆಯೇ ಇಲ್ಲ.

ಹಾಗಾದರೆ ಫೌಲ್ ಯಾವುದು? ಬಿಳಿ ಚೆಂಡು ಪಾಕೆಟ್‌ಗೆ ಬಿದ್ದರೆ, ಮೊದಲು ಎದುರಾಳಿಯ ಚೆಂಡಿಗೆ ತಾಗಿದರೆ, ಚೆಂಡು ಮೇಜಿನಿಂದ ಹಾರಿದರೆ, ಹೊಡೆಯುವಾಗ ಒಂದು ಕಾಲೂ ನೆಲದ ಮೇಲೆ ಇಲ್ಲದಿದ್ದರೆ. ಇವು ಎಲ್ಲರಿಗೂ ಗೊತ್ತು. ಜನ ಮರೆಯುವುದು ಕುಶನ್ ನಿಯಮ. ಬಿಳಿ ಚೆಂಡು ನಮ್ಮ ಚೆಂಡಿಗೆ ತಾಗಿದ ಮೇಲೆ ಒಂದೋ ಚೆಂಡು ಪಾಕೆಟ್‌ಗೆ ಬೀಳಬೇಕು, ಇಲ್ಲ ಯಾವುದಾದರೂ ಒಂದು ಚೆಂಡು ಕುಶನ್ ಮುಟ್ಟಬೇಕು. ಅದು ಬಿಳಿ ಚೆಂಡೇ ಆದರೂ ಸರಿ. ತಾಗುವ ಮೊದಲು ಮುಟ್ಟಿದ ಕುಶನ್ ಲೆಕ್ಕಕ್ಕಿಲ್ಲ. ಸುಮ್ನೆ ಮೆಲ್ಲಗೆ ತಟ್ಟಿ ಬಿಳಿ ಚೆಂಡನ್ನು ಅಡಗಿಸುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಕಪ್ಪು 8ರ ವಿಷಯವೇ ಬೇರೆ. ಬ್ರೇಕ್ ಆದಮೇಲೆ ಅದು ಹೇಳದ ಪಾಕೆಟ್‌ಗೆ ಬಿದ್ದರೆ ಆಟವೇ ಹೋಯಿತು. 'ಪಾಕೆಟ್ ತಪ್ಪಿದರೆ ಫೌಲ್' ಎಂಬ ಗೊಂದಲ ಜಾಸ್ತಿ ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಆದರೆ 8ಕ್ಕೆ ಹೊಡೆದು ಬಿಳಿ ಚೆಂಡು ಮಾತ್ರ ಬಿದ್ದರೆ ಆಟ ಹೋಗುವುದಿಲ್ಲ, ಅದು ಫೌಲ್ ಅಷ್ಟೇ.

ನಾನು ಬರೆದಿರುವುದು ಅಂತರರಾಷ್ಟ್ರೀಯ ನಿಯಮ. ಕ್ಲಬ್ಬಿನಿಂದ ಕ್ಲಬ್ಬಿಗೆ ಪದ್ಧತಿ ಬದಲಾಗುತ್ತದೆ, ಬ್ರೇಕ್‌ಗೆ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮುಂದಿನ ಸಂಚಿಕೆಯಲ್ಲಿ ಆ ಒಂದು ಸಾಲನ್ನು ದಯವಿಟ್ಟು ತಿದ್ದಿ ಹಾಕಿ. ಪತ್ರಿಕೆ ಕತ್ತರಿಸಿ ಗೆಳೆಯನಿಗೆ ತೋರಿಸಬೇಕಿದೆ.

ಇಂತಿ,
ನಿಮ್ಮ ಓದುಗ