ಸಂಪಾದಕೀಯ: ಚುಕುಬುಕು ಎನ್ನುತ್ತಿದ್ದುದು ಯಾಕೆ?

ಆತ್ಮೀಯರೇ,

ದಸರಾ ಸಂಚಿಕೆ ನಾಳೆ ಮುದ್ರಣಕ್ಕೆ ಹೋಗಬೇಕು, ಈಗ ರಾತ್ರಿ ಹನ್ನೆರಡು ದಾಟಿದೆ. ಈ ಪುಟಕ್ಕೆ ಜಂಬೂಸವಾರಿಯ ಬಗ್ಗೆ ಬರೆಯುವುದೆಂದು ನಿಶ್ಚಯಿಸಿದ್ದೆ. ಕಳೆದ ಭಾನುವಾರ ಗೊಂಬೆ ನೋಡಲು ಹೋದ ಮನೆಯಲ್ಲಿ ಒಂದು ಮಗು ಕೇಳಿದ ಪ್ರಶ್ನೆ ಆ ಯೋಚನೆಯನ್ನು ಪಕ್ಕಕ್ಕೆ ಸರಿಸಿತು.

ಆ ಮನೆಯವರು ಪಟ್ಟದ ಗೊಂಬೆ, ಶೆಟ್ಟರ ಅಂಗಡಿ, ಅರಮನೆ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿ, ಕೆಳಗಿನ ಮೆಟ್ಟಿಲಿನಲ್ಲಿ ತಗಡಿನ ಉಗಿ ಎಂಜಿನ್ ಒಂದನ್ನು ನಿಲ್ಲಿಸಿದ್ದರು. ಅದನ್ನು ಕಂಡದ್ದೇ ತಡ, ಇಲ್ಲಿ ಇಂಗ್ಲೆಂಡಿನ ನಮ್ಮ ಕನ್ನಡ ಶಾಲೆಯ ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಚುಕುಬುಕು ಎನ್ನುತ್ತಾ ಹಜಾರ ಸುತ್ತತೊಡಗಿದರು. ಸಾಲಿನ ಕೊನೆಯಲ್ಲಿದ್ದ ಹುಡುಗಿ ಮಾತ್ರ ಆಟ ಬಿಟ್ಟು ಬಂದಳು. “ಆಂಟಿ, ನಮ್ಮ ರೈಲು ಸುಮ್ಮನೆ ಹೋಗುತ್ತದೆ. ಚುಕುಬುಕು ಎನ್ನುವುದು ಯಾವುದು?” ಹಳೆಯ ಕಾಲದ ರೈಲು ಎಂದು ಯಾರೋ ಹೇಳಿದರು. “ಅದು ಯಾಕೆ ಹಾಗೆ ಅನ್ನುತ್ತಿತ್ತು?” ದೊಡ್ಡವರೆಲ್ಲ ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಗೊಂಬೆ ಬಾಗಿನದ ತಟ್ಟೆ ಬಂತು, ಮಕ್ಕಳು ಅತ್ತ ಓಡಿದರು. ಉತ್ತರ ಹಾಗೆಯೇ ಉಳಿಯಿತು.

ಪುಟ್ಟಿ, ಉತ್ತರ ಹೇಳುತ್ತೇನೆ ಕೇಳು. ಸಾಮಾನ್ಯವಾಗಿ ಉಗಿ ಎಂಜಿನ್ನಿನ ಎಡಕ್ಕೊಂದು ಬಲಕ್ಕೊಂದು ಸಿಲಿಂಡರ್ ಇರುತ್ತದೆ. ಅದರೊಳಗೆ ಆಚೀಚೆ ಸರಿದು ಚಕ್ರ ತಿರುಗಿಸುವ ಪಿಸ್ಟನ್ನನ್ನು ಉಗಿ ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ತಳ್ಳುತ್ತದೆ. ಪ್ರತಿಸಲ ತಳ್ಳಿದ ಮೇಲೂ ಕೆಲಸ ಮುಗಿಸಿದ ಉಗಿ ಹೊರಕ್ಕೆ ನುಗ್ಗಬೇಕು, ಆ ಸದ್ದೇ ಚುಕ್. ಹೀಗೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕು ಚುಕ್. ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರವಿದ್ದ ನಮ್ಮ ಮೀಟರ್ ಗೇಜಿನ ವೈ.ಪಿ. ಎಂಬ ಬಗೆಯ ಎಂಜಿನ್ನಿನ ದೊಡ್ಡ ಚಕ್ರದ ವ್ಯಾಸ ಸುಮಾರು ನಾಲ್ಕೂವರೆ ಅಡಿ. ಲೆಕ್ಕ ಹಾಕಿ ನೋಡಿದರೆ, ಹಳಿಯ ಮೇಲೆ ಸರಿಸುಮಾರು ಮೀಟರಿಗೆ ಒಂದು ಚುಕ್ ಬೀಳುತ್ತದೆ. ಮಂಡ್ಯದ ಪ್ಲಾಟ್‌ಫಾರ್ಮಿನಿಂದ ಹೊರಡುವಾಗ ಅದನ್ನು ಬೆರಳು ಮಡಿಚಿ ಎಣಿಸಬಹುದಾಗಿತ್ತು. ಗಂಟೆಗೆ ಅರವತ್ತು ಕಿಲೋಮೀಟರ್ ವೇಗ ಬಂತೆಂದರೆ ಸೆಕೆಂಡಿಗೆ ಹದಿನೈದರಷ್ಟು, ಕಿವಿಗೆ ಒಂದೇ ಮೊರೆತ.

ಇದರಲ್ಲಿ ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ ಇನ್ನೊಂದಿದೆ. ಆ ಉಗಿಯನ್ನು ಸುಮ್ಮನೆ ಆಚೆಗೆ ಬಿಡುವುದಿಲ್ಲ. ಚಿಮಣಿಯ ಕೆಳಗಿನ ಒಂದು ಕಿರಿದಾದ ಕೊಳವೆಯ ಮೂಲಕ ಮೇಲಕ್ಕೆ ಚಿಮ್ಮಿಸುತ್ತಾರೆ. ಅದು ಹೋಗುವಾಗ ಬಾಯ್ಲರಿನ ಕೊಳವೆಗಳಲ್ಲಿರುವ ಹೊಗೆಯನ್ನು ತನ್ನ ಜೊತೆಗೆ ಎಳೆದುಕೊಂಡು ಹೋಗುತ್ತದೆ, ಆ ಎಳೆತಕ್ಕೆ ಬೆಂಕಿಯ ಗೂಡಿನೊಳಗೆ ಹೊಸ ಗಾಳಿ ನುಗ್ಗುತ್ತದೆ. ಕುಲುಮೆಗೆ ತಿದಿ ಇದ್ದ ಹಾಗೆ ಎಂಜಿನ್ನಿಗೆ ಅದರ ಚುಕುಬುಕುವೇ ತಿದಿ. ಏರು ಹತ್ತುವಾಗ ಭಾರ ಹೆಚ್ಚು, ಉಗಿಯ ರಭಸ ಹೆಚ್ಚು, ಹಾಗಾಗಿ ಬೆಂಕಿಯೂ ಜೋರು. 1829ರಲ್ಲಿ ಸ್ಟೀಫನ್‌ಸನ್ನರ ರಾಕೆಟ್ ಎಂಜಿನ್ನಿನಲ್ಲೂ ಇದೇ ಉಪಾಯವಿತ್ತು.

ಇದನ್ನೆಲ್ಲ ನನಗೆ ಕಲಿಸಿದವರು ನನ್ನ ದೊಡ್ಡಪ್ಪ. ಮೈಸೂರು ಲೋಕೋ ಶೆಡ್ಡಿನಲ್ಲಿ ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದರು, ಆಮೇಲೆ ಡ್ರೈವರ್ ಆದರು. ನಾವು ಮಂಡ್ಯದವರು, ದಸರಾ ರಜೆ ಬಂತೆಂದರೆ ಅವರ ರೈಲ್ವೆ ಕ್ವಾರ್ಟರ್ಸಿನಲ್ಲೇ ನಮ್ಮ ಠಿಕಾಣಿ. ಸರಿರಾತ್ರಿಯಲ್ಲಿ ಪಾಳಿಗೆ ಕರೆಯುವ ಕಾಲ್ ಬಾಯ್ ಬರುತ್ತಿದ್ದ. ಹೆಸರಿಗೆ ಬಾಯ್, ಅವನಿಗೆ ಐವತ್ತು ವರ್ಷ. ಕೈಯಲ್ಲಿ ಲಾಂದ್ರ, ಕಂಕುಳಲ್ಲಿ ಪುಸ್ತಕ. ಬಾಗಿಲು ಬಡಿದು ಗಾಡಿಯ ನಂಬರ್ ಹೇಳಿ, ದೊಡ್ಡಪ್ಪನ ಸಹಿ ಹಾಕಿಸಿಕೊಂಡೇ ಮುಂದಿನ ಮನೆಗೆ ಹೋಗುತ್ತಿದ್ದ. ದೊಡ್ಡಮ್ಮ ಎದ್ದು ಬುತ್ತಿ ಕಟ್ಟುತ್ತಿದ್ದರು. ದೊಡ್ಡಪ್ಪ ಡ್ರೈವರ್ ಆದ ಮೇಲೆ ಮನೆಗೊಂದು ಲೈನ್ ಬಾಕ್ಸ್ ಬಂತು. ಅದರೊಳಗೆ ಕೆಂಪು ಹಸಿರು ಬಾವುಟ, ಕೈದೀಪ, ಮತ್ತು ನಾವು ಮುಟ್ಟಲೇಬಾರದ ಪಟಾಕಿ ಡಬ್ಬಿ. ಪಟಾಕಿ ಎಂದರೆ ದೀಪಾವಳಿಯದಲ್ಲ. ಬಿಲ್ಲೆಯಂಥ ತಗಡಿನ ಡಬ್ಬಿಯೊಳಗೆ ಮದ್ದು ತುಂಬಿದ್ದು, ಅದನ್ನು ಹಳಿಗೆ ಕಟ್ಟುತ್ತಾರೆ. ಗಾಡಿ ದಾರಿಯಲ್ಲಿ ಕೆಟ್ಟು ನಿಂತಾಗ, ಅಥವಾ ಮಂಜಿನಲ್ಲಿ ಸಿಗ್ನಲ್ ಕಾಣದಾಗ, ಬರುವ ಎಂಜಿನ್ನಿನ ಚಕ್ರದಡಿ ಅದು ಢಮ್ಮೆಂದರೆ ಡ್ರೈವರ್ ಎಚ್ಚೆತ್ತು ಬ್ರೇಕ್ ಹಾಕಬೇಕು.

ಒಂದು ಮಧ್ಯಾಹ್ನ ದೊಡ್ಡಪ್ಪ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನೆಲದ ಮೇಲೆ ಇದ್ದಿಲಿನಿಂದ ದೊಡ್ಡದೊಂದು ಚೌಕ ಬರೆದರು. “ಇದು ಫೈರ್ ಬಾಕ್ಸ್. ಇಲ್ಲಿ ಬಾಗಿಲು. ನೀನು ಇಲ್ಲಿ ನಿಲ್ಲು” ಎಂದು ನನ್ನ ಕೈಗೆ ಮಣ್ಣು ಎತ್ತುವ ಸಣ್ಣ ಸಲಿಕೆ ಕೊಟ್ಟರು. ಕಲ್ಲಿದ್ದಲಿನ ಬದಲು ಮರಳು. ಮೊದಲು ಬಾಗಿಲ ಆಚೀಚೆಗಿನ ಎರಡು ಮೂಲೆ, ಆಮೇಲೆ ಎರಡು ಪಕ್ಕ, ಕೊನೆಗೆ ಎದುರಿನ ತುದಿಗೆ ತೆಳ್ಳಗೆ. ಮರಳನ್ನು ಸುರಿಯುವಂತಿಲ್ಲ, ಸಲಿಕೆಯನ್ನು ಕೊನೆಯಲ್ಲಿ ಮಣಿಕಟ್ಟಿನಿಂದ ಒಮ್ಮೆ ತಿರುಗಿಸಿದರೆ ಬೀಸಿದ ಹಾಗೆ ಹರಡಿಕೊಳ್ಳಬೇಕು. ನಾನು ನಡುವೆ ಗುಡ್ಡೆ ಹಾಕಿದರೆ, “ಅಲ್ಲಿ ಬೆಂಕಿ ಸತ್ತಿತು. ಈಗ ಪಾಂಡವಪುರದಲ್ಲಿ ಉಗಿ ಇಲ್ಲ, ಜನ ಇಳಿದು ನಿನ್ನನ್ನು ಬೈಯುತ್ತಾರೆ” ಎನ್ನುತ್ತಿದ್ದರು. ಸ್ವಲ್ಪ ಸ್ವಲ್ಪ, ಆಗಾಗ: ಇದು ಅವರ ಮಂತ್ರ. ಚಿಮಣಿಯಿಂದ ದಟ್ಟ ಕಪ್ಪು ಹೊಗೆ ಬರುವುದನ್ನು ನಾವು ಮಕ್ಕಳು ಚಿತ್ರದಲ್ಲಿ ಬರೆದು ಹೆಮ್ಮೆಯಿಂದ ತೋರಿಸುತ್ತಿದ್ದೆವು. ಫೈರ್‌ಮನ್‌ಗೆ ಅದು ಮಾನಭಂಗ. ಕಪ್ಪು ಹೊಗೆ ಎಂದರೆ ಪೂರ್ತಿ ಉರಿಯದೆ ಹಾರಿಹೋದ ಕಲ್ಲಿದ್ದಲು.

ಅವರು ಎಲ್ಲಕ್ಕಿಂತ ಹೆದರುತ್ತಿದ್ದುದು ನೀರಿಗೆ. ಡ್ರೈವರಿನ ಕಣ್ಣ ಮುಂದೆ ಒಂದು ಗಾಜಿನ ನಳಿಕೆ, ಬಾಯ್ಲರಿನಲ್ಲಿ ನೀರು ಎಷ್ಟಿದೆಯೆಂದು ತೋರಿಸಲು. ಬೆಂಕಿಗೂಡಿನ ಮೇಲ್ಛಾವಣಿ ಸದಾ ನೀರಿನಲ್ಲಿ ಮುಳುಗಿರಬೇಕು. ಮುಳುಗಿರದಿದ್ದರೆ ಲೋಹ ಕಾದು ಮೆತ್ತಗಾಗಿ ಬಾಯ್ಲರ್ ಸಿಡಿಯುತ್ತದೆ. ಅದಕ್ಕೇ ಆ ಛಾವಣಿಗೆ ಸೀಸದ ಪ್ಲಗ್ ಕೂರಿಸಿರುತ್ತಾರೆ. ನೀರು ತಗ್ಗಿದರೆ ಮೊದಲು ಸೀಸ ಕರಗಿ, ಆ ತೂತಿನಿಂದ ಉಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ. ‘ಪ್ಲಗ್ ಕರಗಿಸಿದವನು’ ಎಂಬ ಹೆಸರು ಒಮ್ಮೆ ಅಂಟಿಕೊಂಡರೆ ಶೆಡ್ಡಿನಲ್ಲಿ ತಲೆ ಎತ್ತಿ ನಡೆಯುವಂತಿರಲಿಲ್ಲ.

ಆಗ ನಮ್ಮದು ಒಂಟಿ ಹಳಿ. ಎದುರಿನಿಂದ ಇನ್ನೊಂದು ಗಾಡಿ ಬಾರದಂತೆ ನೋಡಿಕೊಳ್ಳುತ್ತಿದ್ದುದು ಕಬ್ಬಿಣದ ಒಂದು ಗುಂಡು. ಎರಡು ನಿಲ್ದಾಣಗಳ ಯಂತ್ರಗಳಿಗೂ ತಂತಿಯ ಸಂಪರ್ಕ. ಮುಂದಿನ ನಿಲ್ದಾಣದವರು ಒಪ್ಪಿದರೆ ಮಾತ್ರ ಗುಂಡು ಹೊರಬರುತ್ತದೆ. ಒಂದು ಹೊರಗಿದ್ದಾಗ ಇನ್ನೊಂದು ಬಾರದು. ಆ ಗುಂಡು ಕೈಯಲ್ಲಿದ್ದವನಿಗೆ ಮಾತ್ರ ಆ ಹಳಿಯ ಮೇಲೆ ಹಕ್ಕು. ನಿಲ್ಲದ ಗಾಡಿಯಾದರೆ ಅದನ್ನು ಚರ್ಮದ ಚೀಲಕ್ಕೆ ಹಾಕಿ ದೊಡ್ಡ ಬಳೆಗೆ ಕಟ್ಟಿ ಎತ್ತಿ ಹಿಡಿಯುತ್ತಿದ್ದರು. ಎಂಜಿನ್ನಿನವರು ಓಡುತ್ತಲೇ ಹಳೆಯ ಬಳೆಯನ್ನು ಎಸೆದು, ಹೊಸದಕ್ಕೆ ತೋಳು ಕೊಡುತ್ತಿದ್ದರು. ದೊಡ್ಡಪ್ಪನ ಎಡತೋಳಿನ ಮೇಲೆ ಅದರ ಗಾಯದ ಕಪ್ಪು ಗೆರೆ ಕೊನೆಯವರೆಗೂ ಇತ್ತು. ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ: ನಾನು ಈ ಊರುಗಳನ್ನು ಬಾಯಿಪಾಠ ಮಾಡಿದ್ದು ಅವರು ಬಳೆ ಹಿಡಿಯುತ್ತಿದ್ದ ಕ್ರಮದಲ್ಲೇ.

ರೈಲಿನವರ ಮಾತು ದೇಶ ದೇಶಕ್ಕೂ ಒಂದೊಂದು ಬಗೆ. ಕೆಲಸದವನು ಗಾಡಿ ನಡೆಸದೆ ಪ್ರಯಾಣಿಕನಂತೆ ಕುಳಿತು ಹೋದರೆ ದೊಡ್ಡಪ್ಪ ಅದಕ್ಕೆ ‘ಸ್ಪೇರ್ ಹೋಗುವುದು’ ಎನ್ನುತ್ತಿದ್ದರು. ಇಲ್ಲಿ ಇಂಗ್ಲೆಂಡಿನಲ್ಲಿ ಅದು ‘ಆನ್ ದ ಕುಷನ್ಸ್’, ಅಮೆರಿಕದಲ್ಲಿ ‘ಡೆಡ್‌ಹೆಡ್’. ಸಿಗ್ನಲ್ ಕಟ್ಟೆಯವನನ್ನು ಇಲ್ಲಿನ ಹಳಬರು ಇಂದಿಗೂ ‘ಬಾಬಿ’, ಅಂದರೆ ಪೊಲೀಸ್, ಎನ್ನುತ್ತಾರೆ, ಮೊದಮೊದಲು ಆ ಕೆಲಸ ಮಾಡುತ್ತಿದ್ದವರು ರೈಲ್ವೆ ಪೊಲೀಸರು. ಅಮೆರಿಕದ ಡ್ರೈವರ್ ‘ಹಾಗ್‌ಹೆಡ್’. ಅವನಿಗೆ ಹೊರಡಲು ಅಪ್ಪಣೆ ‘ಹೈಬಾಲ್’, ಹಿಂದೆ ಕಂಬದ ಮೇಲೆ ಚೆಂಡನ್ನು ಏರಿಸಿ ಸನ್ನೆ ಮಾಡುತ್ತಿದ್ದರಂತೆ. ನಮ್ಮವರಿಗೆ ‘ಲೈನ್ ಕ್ಲಿಯರ್’ ಸಾಕಾಗಿತ್ತು. ಅದು ಶೆಡ್ಡಿನಿಂದ ಮನೆಗೂ ಬಂತು. ಅಕ್ಕನ ಮದುವೆಗೆ ಹುಡುಗನ ಕಡೆಯವರು ಒಪ್ಪಿದ ದಿನ ದೊಡ್ಡಪ್ಪ ಬಾಗಿಲಲ್ಲೇ “ಲೈನ್ ಕ್ಲಿಯರ್!” ಎಂದು ಕೂಗಿದ್ದರು.

ಮಕ್ಕಳಿಗೆ ಇನ್ನೂ ಕೆಲವು ಸಂಗತಿ. ಊರಿಗೆ ಹೋದಾಗ ಹಳಿಯ ಪಕ್ಕ ಡಬ್ಲ್ಯೂ-ಎಲ್ ಎಂಬ ಹಳದಿ ಹಲಗೆ ಕಂಡರೆ, ಮುಂದೆ ಲೆವೆಲ್ ಕ್ರಾಸಿಂಗ್ ಇದೆ, ಸೀಟಿ ಹಾಕು ಎಂದರ್ಥ. ಕೊನೆಯ ಬೋಗಿಯ ಹಿಂದಿನ ಎಲ್‌ವಿ ಹಲಗೆ ‘ಇದೇ ಕೊನೆಯ ಬಂಡಿ’ ಎನ್ನುತ್ತದೆ. ಅದನ್ನು ನೋಡಿದ ಮೇಲೆಯೇ ನಿಲ್ದಾಣದವರು ಗಾಡಿ ಪೂರ್ತಿ ಬಂತೆಂದು ನಂಬುವುದು. ವೈ.ಪಿ.ಯ ‘ವೈ’ ಮೀಟರ್ ಗೇಜ್, ‘ಪಿ’ ಪ್ಯಾಸೆಂಜರ್. ಅಂಥವು ಒಟ್ಟು 871 ತಯಾರಾದವು. ಹೆಚ್ಚಿನವು ಜಮ್‌ಶೆಡ್‌ಪುರದ ಟೆಲ್ಕೊ ಕಾರ್ಖಾನೆಯಲ್ಲಿ, ನೂರು ಇಲ್ಲಿ ಬ್ರಿಟನ್ನಿನ ಗ್ಲಾಸ್ಗೋದಲ್ಲಿ.

ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ಹಳಿ ತಲುಪಿದ್ದು 1882ರಲ್ಲಿ. 1876–78ರ ಭೀಕರ ಬರಗಾಲದಲ್ಲಿ ಹಸಿದ ಜನಕ್ಕೆ ಕೂಲಿ ಕೊಡುವ ಕಾಮಗಾರಿಯಾಗಿ ಆ ಕೆಲಸ ಶುರುವಾಯಿತು. ನಾವು ಕಿಟಕಿ ಪಕ್ಕ ಕುಳಿತು ಕಾವೇರಿಗೆ ಕಾಸು ಎಸೆಯುತ್ತಿದ್ದ ದಾರಿಯ ಮಣ್ಣನ್ನು ಹೊತ್ತವರು ಅವರು. 1990ರ ದಶಕದಲ್ಲಿ ಅಗಲ ಹಳಿಯ ಬ್ರಾಡ್ ಗೇಜ್ ಬಂತು, ಈಗ ಜೋಡಿ ಹಳಿ, ವಿದ್ಯುತ್ ಎಂಜಿನ್. ಒಳ್ಳೆಯದೇ ಆಯಿತು, ದೊಡ್ಡಪ್ಪನ ಎದೆಯ ಕೆಮ್ಮನ್ನು ಕೇಳಿದವಳಾಗಿ ನಾನು ಉಗಿಯ ಕಾಲ ಮರಳಲಿ ಎನ್ನಲಾರೆ. ಆ ಕೆಲಸದ ಅರಿವು ಮಾತ್ರ ಹಾಗೆಯೇ ಆರಿಹೋಗಬಾರದು.

ಎಂಜಿನ್ನುಗಳು ಉಳಿದಿವೆ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ರೈಲ್ವೆ ವಸ್ತುಸಂಗ್ರಹಾಲಯ 1979ರಿಂದ ಇದೆ. ಅಡುಗೆಮನೆಯೂ ಇರುವ ಮಹಾರಾಣಿಯವರ 1899ರ ಸಲೂನನ್ನು, ಅಂದರೆ ಅವರ ಸ್ವಂತ ರೈಲು ಬೋಗಿಯನ್ನು, ಅಲ್ಲಿ ನೋಡಬಹುದು. ಇಲ್ಲಿ ಇಂಗ್ಲೆಂಡಿನ ಯಾರ್ಕ್‌ನ ರೈಲ್ವೆ ಸಂಗ್ರಹಾಲಯದಲ್ಲಿ ವಿಕ್ಟೋರಿಯಾ ರಾಣಿಯ 1869ರ ಸಲೂನ್ ಇದೆ, 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿ ಉಗಿ ಎಂಜಿನ್ನುಗಳ ದಾಖಲೆ ಬರೆದ ಮ್ಯಾಲಾರ್ಡ್ ಇದೆ. ಉಳಿಯದಿರುವುದು ಸಲಿಕೆ ತಿರುಗಿಸುತ್ತಿದ್ದ ಮಣಿಕಟ್ಟಿನ ಲೆಕ್ಕ. ವೇಲ್ಸ್‌ನ ಟಾಲಿಲಿನ್ ರೈಲನ್ನು 1951ರಿಂದ ಸ್ವಯಂಸೇವಕರೇ ನಡೆಸುತ್ತಿದ್ದಾರೆ, ಜಗತ್ತಿನಲ್ಲೇ ಮೊದಲು. ಹಳಬರು ಹೊಸಬರ ಪಕ್ಕದಲ್ಲಿ ನಿಂತು ಹೇಳಿಕೊಟ್ಟದ್ದರಿಂದ ಅಲ್ಲಿ ಆ ವಿದ್ಯೆ ಉಳಿಯಿತು.

ಸ್ಥಳ ಕಡಿಮೆ, ಪ್ರಕಟಣೆಗಳನ್ನು ಇಲ್ಲಿಯೇ ಸೇರಿಸುತ್ತಿದ್ದೇನೆ. ವಿಜಯದಶಮಿಯ ನಂತರದ ಶನಿವಾರ ಸಂಜೆ ಬನ್ನಿ ಹಂಚುವ ಕಾರ್ಯಕ್ರಮ, ಊಟಕ್ಕೆ ಬರುವವರು ಮುಂಚಿತವಾಗಿ ತಿಳಿಸಿ, ಬಿಸಿಬೇಳೆಭಾತ್ ಕಳೆದ ವರ್ಷ ಸಾಲಲಿಲ್ಲ. ರಾಜ್ಯೋತ್ಸವದ ನಾಟಕಕ್ಕೆ ಇನ್ನೂ ಒಬ್ಬ ಮಂತ್ರಿ, ಇಬ್ಬರು ಸೈನಿಕರು ಬೇಕು. ಕನ್ನಡ ಶಾಲೆ ಎಂದಿನಂತೆ ಭಾನುವಾರ. ಶಾಲೆಯ ಅರ್ಧಾವಧಿ ರಜೆಯಲ್ಲಿ ಮಕ್ಕಳನ್ನು ಯಾರ್ಕ್‌ಗೆ ಕರೆದೊಯ್ಯುವ ಯೋಚನೆ, ಸಂಗ್ರಹಾಲಯಕ್ಕೆ ಪ್ರವೇಶ ಶುಲ್ಕವಿಲ್ಲ, ಬಸ್ಸಿನ ಖರ್ಚು ಹಂಚಿಕೊಳ್ಳೋಣ. ಈ ಪತ್ರಿಕೆಯ ಪುಟ ಜೋಡಿಸುತ್ತಿದ್ದ ದಂಪತಿ ಮುಂದಿನ ತಿಂಗಳು ಮೈಸೂರಿಗೆ ಶಾಶ್ವತವಾಗಿ ಮರಳುತ್ತಿದ್ದಾರೆ. ಅವರಿಗೆ ಶುಭವಾಗಲಿ. ಅವರ ಜಾಗಕ್ಕೆ ಯಾರಾದರೂ ಬನ್ನಿ, ಬರಹ ತರಿಸಿ ತಿದ್ದಿ ಪುಟವನ್ನೂ ಕಟ್ಟುವುದು ನನ್ನೊಬ್ಬಳಿಂದ ಆಗದು.

ಇನ್ನೊಂದು ಬೇಡಿಕೆ. ನಮ್ಮ ಸದಸ್ಯರಲ್ಲಿ ರೈಲ್ವೆ ಮನೆಗಳಿಂದ ಬಂದವರು ಹಲವರಿದ್ದೀರಿ. ಡ್ರೈವರ್, ಗಾರ್ಡ್, ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಅಶೋಕಪುರಂ ವರ್ಕ್‌ಶಾಪಿನವರು, ಸ್ಟೇಷನ್ ಮಾಸ್ಟರ್ ಯಾರೇ ಇರಲಿ, ಊರಿನಲ್ಲಿರುವ ಅಪ್ಪನಿಗೋ ಮಾವನಿಗೋ ಈ ವಾರವೇ ಫೋನ್ ಮಾಡಿ. ರಾತ್ರಿ ಪಾಳಿಗೆ ಏನು ಬುತ್ತಿ ಒಯ್ಯುತ್ತಿದ್ದರು, ಯಾವ ಏರಿನಲ್ಲಿ ಎಂಜಿನ್ ಮೊಂಡು ಹಿಡಿಯುತ್ತಿತ್ತು, ಮಳೆಯಲ್ಲಿ ಚಕ್ರ ಜಾರಿದರೆ ಏನು ಮಾಡುತ್ತಿದ್ದರು, ತಮ್ಮತಮ್ಮಲ್ಲಿ ಯಾವುದಕ್ಕೆ ಏನೆನ್ನುತ್ತಿದ್ದರು ಎಂದು ಕೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಬರೆಯಲು ಬಿಡುವಿಲ್ಲದಿದ್ದರೆ ಧ್ವನಿಯನ್ನೇ ಕಳುಹಿಸಿ, ಹಾಳೆಯ ಮೇಲೆ ಬರೆದಿದ್ದರೆ ಅದರ ಫೋಟೊ ಕಳುಹಿಸಿ, ಅಕ್ಷರಕ್ಕೆ ಇಳಿಸುವ ಕೆಲಸ ನನಗಿರಲಿ. ರಾಜ್ಯೋತ್ಸವ ಸಂಚಿಕೆಯಲ್ಲಿ ನಾಲ್ಕು ಪುಟ ಇದಕ್ಕಾಗಿಯೇ ಖಾಲಿ ಇಟ್ಟಿದ್ದೇನೆ. ತಿಂಗಳ ಕೊನೆಯೊಳಗೆ ತಲುಪಿಸಿ.

ನಿಮ್ಮ ಸಂಪಾದಕಿ