ಹಿರಿಯರ ಹಲ್ಲಿನ ಬೇರಿಗೂ ವಾರ್ನಿಶ್ ಹಚ್ಚಿಸಿ

ಮಾನ್ಯ ಸಂಪಾದಕರೇ,

ಹುಳುಕು ಹಲ್ಲು ಅಂದ ಕೂಡಲೇ ಮಾತು ಮಕ್ಕಳ ಕಡೆಗೇ ತಿರುಗುತ್ತದೆ. ವಯಸ್ಸಾದವರ ಹಲ್ಲನ್ನು ಯಾರು ಕೇಳುತ್ತಾರೆ? ನಮ್ಮಮ್ಮನ ಹಲ್ಲು ಹಾಳಾಗುವವರೆಗೆ ನಾನೂ ಕೇಳಿರಲಿಲ್ಲ.

ಅಮ್ಮನಿಗೆ 72 ವರ್ಷ. ಹಲ್ಲಿನ ಮೇಲ್ಭಾಗ ಗಟ್ಟಿಯಾಗಿಯೇ ಇತ್ತು. ವಸಡು ಸರಿದಿದ್ದ ಕಡೆ ಮಾತ್ರ ಕಂದು ಬಣ್ಣದ ತೆಳು ಗೆರೆ. ಕಲೆ ಇರಬೇಕು ಅಂತ ಸುಮ್ನೆ ಬಿಟ್ಟಿದ್ದೆವು. ಡಾಕ್ಟರು ಅಲ್ಲಿ ಕಡ್ಡಿಯಿಂದ ಮೆಲ್ಲಗೆ ಒತ್ತಿದರು. ನೆನೆದ ಮರಕ್ಕೆ ಉಗುರು ಇಳಿದ ಹಾಗೆ ಒಳಗೆ ಹೋಯಿತು.

ವಸಡು ಸರಿದರೆ ಹಲ್ಲಿನ ಬೇರು ಹೊರಗೆ ಬೀಳುತ್ತದೆ. ಬೇರಿಗೆ ಎನಾಮೆಲ್ ಎಂಬ ಗಟ್ಟಿ ಹೊದಿಕೆ ಇಲ್ಲವಲ್ಲ, ತೊಂದರೆ ಇರುವುದೇ ಅಲ್ಲಿ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆಯಿಂದ ಆಮ್ಲ ಮಾಡುತ್ತವೆ. ಆಮ್ಲದ ಅಳತೆ ಪಿಎಚ್; ಅದು ಇಳಿದಷ್ಟೂ ಆಮ್ಲ ಜಾಸ್ತಿ. ಎನಾಮೆಲ್ ಕರಗುವುದು ಪಿಎಚ್ 5.5ರ ಆಸುಪಾಸಿಗೆ ಇಳಿದಾಗ. ಬೇರು ಮಾತ್ರ ಪಿಎಚ್ 6ಕ್ಕಿಂತ ಮೇಲಿರುವಾಗಲೇ ಕರಗತೊಡಗುತ್ತದೆ. ಅದರ ಮೇಲೆ ಹಿರಿಯರು ನುಂಗುವ ಮಾತ್ರೆಗಳು ಬೇರೆ. ಖಿನ್ನತೆಗೆ, ಅಲರ್ಜಿಗೆ, ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಆಮ್ಲವನ್ನು ತೊಳೆಯುವ ಜೊಲ್ಲೇ ಕಡಿಮೆಯಾದರೆ ಹಲ್ಲಿಗೆ ಕಾವಲು ಯಾರು?

ಇಂಥವರಿಗೆ ಬ್ಯಾಕ್ಟೀರಿಯಾ ತಗ್ಗಿಸುವ ಕ್ಲೋರ್‌ಹೆಕ್ಸಿಡಿನ್ ವಾರ್ನಿಶ್, ಅಂದರೆ ಹಲ್ಲಿಗೆ ತೆಳುವಾಗಿ ಬಳಿಯುವ ಔಷಧದ ಲೇಪ, ಇದೆ. ಒಂದು ಬಗೆಯಲ್ಲಿ ಶೇ 1 ಕ್ಲೋರ್‌ಹೆಕ್ಸಿಡಿನ್, ಶೇ 1 ಥೈಮಾಲ್ ಎಂಬ ಇನ್ನೊಂದು ಸೋಂಕುನಿವಾರಕ ಇರುತ್ತದೆ. ಬೇರಿನ ಹುಳುಕು ತಡೆಯಲು ದೊಡ್ಡವರಿಗೆ ಇದನ್ನು 3 ತಿಂಗಳಿಗೊಮ್ಮೆ ಹಚ್ಚಬಹುದು ಎಂದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2011ರಲ್ಲೇ ಹೇಳಿದೆ. ಹಚ್ಚುವುದೂ ಸುಲಭ. ಹತ್ತಿ ಇಟ್ಟು ಹಲ್ಲು ಒಣಗಿಸಿ, ಪುಟ್ಟ ಬ್ರಶ್‌ನಲ್ಲಿ ವಸಡಿನ ಅಂಚಿಗೆ ಬಳಿದರು. ಸ್ವಲ್ಪ ಕಹಿ ಅಂದರು ಅಮ್ಮ, ಅಷ್ಟೇ. ನೋವಿಲ್ಲ, ಸೂಜಿ ಇಲ್ಲ. ಕ್ಲೋರ್‌ಹೆಕ್ಸಿಡಿನ್ ಅಲರ್ಜಿ ಇದ್ದರೆ ಮಾತ್ರ ಮೊದಲೇ ಹೇಳಬೇಕು.

ಹಾಗಂತ ಮಕ್ಕಳಿಗೂ ಇದನ್ನೇ ಹಚ್ಚಿಸಿ ಅನ್ನುತ್ತಿಲ್ಲ. ಮಕ್ಕಳ ಹುಳುಕನ್ನು ಇದು ತಡೆಯುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಹೇಳಿದೆ. ಅವರಿಗೆ ಫ್ಲೋರೈಡ್ ವಾರ್ನಿಶ್ಶೇ ಸರಿ. ದೊಡ್ಡವರೂ ಫ್ಲೋರೈಡ್ ಪೇಸ್ಟ್ ಬಿಡುವ ಹಾಗಿಲ್ಲ.

ನಿಮ್ಮ ಆರೋಗ್ಯ ಪುಟದಲ್ಲಿ ಹಿರಿಯರ ಹಲ್ಲಿಗೂ ಒಂದಿಷ್ಟು ಜಾಗ ಕೊಡಿ. ಓದುಗರು ಇವತ್ತೇ ಮನೆಯ ಹಿರಿಯರ ಬಾಯಿ ತೆರೆಸಿ, ಟಾರ್ಚ್ ಹಿಡಿದು ವಸಡಿನ ಅಂಚು ನೋಡಲಿ. ಕಂದು ಗೆರೆ ಕಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಲಿ. ನಾವು ಹೋಗಿದ್ದು ಜಾಸ್ತಿ ತಡವಾಯಿತು, ಅಮ್ಮನ ಎರಡು ಹಲ್ಲು ಉಳಿಯಲಿಲ್ಲ. ಮಿಕ್ಕವಕ್ಕೆ ಮುಂದಿನ ತಿಂಗಳು ಮತ್ತೆ ವಾರ್ನಿಶ್ ಹಚ್ಚಿಸಬೇಕು.

ಇತಿ,
ಒಬ್ಬ ಓದುಗಿ