ಎತ್ತಿಗೆ ಜ್ವರ, ಬ್ಯಾಟರಿಗೆ ಬರೆ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಟೆಕ್ ಪುಟದಲ್ಲಿ ಓದುಗರೊಬ್ಬರು "ಚಾರ್ಜರ್ ಹಾಕಿದ್ರೂ ಲ್ಯಾಪ್‌ಟಾಪ್ ಬ್ಯಾಟರಿ ಚಾರ್ಜ್ ಆಗ್ತಿಲ್ಲ, ಏನ್ಮಾಡ್ಲಿ" ಅಂತ ಕೇಳಿದ್ರು, ಅದಕ್ಕೆ ನಿಮ್ಮ ಅಂಕಣದವರು ಎರಡೇ ಸಾಲಲ್ಲಿ ಬ್ಯಾಟರಿ ಹೋಗಿದೆ ಹೊಸದು ಹಾಕಿಸಿ ಅಂತ ಹೇಳಿ ಕೈತೊಳ್ಕೊಂಡಿದಾರೆ. ಮೇಲಿಂದ ಟಿಪ್ಸ್ ಬೇರೆ, ತಿಂಗಳಿಗೊಂದ್ಸಲ ಪೂರ್ತಿ ಖಾಲಿ ಮಾಡಿ ಚಾರ್ಜ್ ಹಾಕಿ, ಆಗ್ಲಿಲ್ಲ ಅಂದ್ರೆ ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ ಅಂತ. ಓದಿ ಸುಮ್ನಿರೋಣ ಅನ್ಕೊಂಡೆ, ಆಗ್ಲಿಲ್ಲ, ಯಾಕಂದ್ರೆ ಇದೇ ಮಾತು ಕೇಳಿ ದುಡ್ಡು ಕಳ್ಕೊಂಡವನು ನಾನು.

ನಂದು ಡಿಟಿಪಿ ಕೆಲಸ, ಬೆಳಿಗ್ಗೆಯಿಂದ ರಾತ್ರಿವರೆಗೂ ಲ್ಯಾಪ್‌ಟಾಪ್ ಮುಂದೆನೇ. ಒಂದಿನ ನೋಡ್ತೀನಿ, ಚಾರ್ಜ್ 60ಕ್ಕೆ ನಿಂತಿದೆ. ಒಂದು ಗಂಟೆ ಬಿಟ್ಟು ನೋಡಿದ್ರೂ 60, ರಾತ್ರಿಯೆಲ್ಲಾ ಹಾಕಿಟ್ರೂ ಬೆಳಿಗ್ಗೆ 60. ಕೆಳಗೆ ಮೂಲೇಲಿ ಬ್ಯಾಟರಿ ಗುರುತಿನ ಮೇಲೆ ಮೌಸ್ ಇಟ್ರೆ "ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್" ಅನ್ನುತ್ತೆ ಅಷ್ಟೇ. ರಿಪೇರಿಯವರ ಹತ್ರ ತಗೊಂಡೋದೆ, ಅವರು ಒಂದ್ನಿಮಿಷ ಕೂಡ ನೋಡ್ದೆ ಬ್ಯಾಟರಿ ವೀಕ್ ಸಾರ್ ಅಂದ್ರು, ನಾನೂ ಹೂಂ ಅಂದೆ, ಹೊಸದು ಹಾಕ್ಸಿದ್ದಾಯ್ತು. ಮನೆಗೆ ತಂದು ಚಾರ್ಜ್‌ಗಿಟ್ಟೆ. 57, 58, 59, 60. ಅಲ್ಲೇ ನಿಂತ್ಕೊಳ್ತು! ಹೊಸ ಬ್ಯಾಟರಿನೂ ಹಳೇದರ ಹಾಗೇ 60ಕ್ಕೇ ಹಟ ಹಿಡೀತು ಅಂದ್ರೆ ತಪ್ಪು ಬ್ಯಾಟರಿದಲ್ಲ ಅಂತ ಆಗ ನನ್ನ ಮಂದಬುದ್ಧಿಗೆ ಹೊಳೀತು. ರಿಪೇರಿಯವರಿಗೆ ಫೋನ್ ಮಾಡಿದ್ರೆ "ಹಂಗಾದ್ರೆ ಮದರ್‌ಬೋರ್ಡ್ ಸಾರ್" ಅಂದ್ರು. ಪುಣ್ಯಕ್ಕೆ ಆ ಮಾತಿಗೆ ಹೂಂ ಅನ್ಲಿಲ್ಲ.

ಸಂಜೆ ಮಗಳಿಗೆ ಹೇಳಿದೆ. ಅವಳು ಲ್ಯಾಪ್‌ಟಾಪ್ ಜೊತೆ ಬಂದಿರೋ ಕಂಪನಿ ಆಪ್ ಓಪನ್ ಮಾಡಿ, ಪವರ್ ಅನ್ನೋ ಕಡೆ ಹೋಗಿ, ಚಾರ್ಜನ್ನ 60ಕ್ಕೇ ನಿಲ್ಸೋ ಒಂದು ಸ್ವಿಚ್ ತೋರಿಸಿ, "ಅಪ್ಪಾ, ಇದು ನಾನೇ ಆನ್ ಮಾಡಿದ್ದು, ನೀವು ಯಾವಾಗ್ಲೂ ಚಾರ್ಜರ್ ಹಾಕೇ ಇರ್ತೀರಲ್ಲ, ಬ್ಯಾಟರಿಗೆ ಒಳ್ಳೇದು ಅಂತ" ಅಂದ್ಳು. ಏನ್ ಹೇಳೋದು. ಆಫ್ ಮಾಡಿದ ಕೂಡ್ಲೇ 61 ಆಯ್ತು.

ಆಮೇಲೆ ಹಟ ಹಿಡಿದು ಇದರ ಬಗ್ಗೆ ಓದ್ದೆ, ಗೊತ್ತಿರೋರನ್ನ ಕೇಳಿದೆ, ಸುತ್ತಮುತ್ತಲಿನವರ ನಾಲ್ಕಾರು ಲ್ಯಾಪ್‌ಟಾಪ್ ನೋಡ್ದೆ. ನನಗನ್ಸಿದ್ದು ಇಷ್ಟು: ಚಾರ್ಜ್ ಆಗ್ತಿಲ್ಲ ಅನ್ನೋದು ಎಷ್ಟೋ ಸಲ ಕೆಟ್ಟಿರೋದಲ್ಲ, ಲ್ಯಾಪ್‌ಟಾಪೇ ಬೇಕು ಅಂತ ಚಾರ್ಜ್ ನಿಲ್ಸಿರುತ್ತೆ. ಯಾಕೆ ನಿಲ್ಸಿದೀನಿ ಅಂತ ಅದಕ್ಕೆ ಬಹಳ ಸಲ ಗೊತ್ತಿರುತ್ತೆ, ನಮಗೆ ಮಾತ್ರ ಬಾಯಿಬಿಡಲ್ಲ.

ಮೊದಲ್ನೇದು ನನ್ನ ಕೇಸೇ. ಲೆನೊವೊದಲ್ಲಿ ವ್ಯಾಂಟೇಜ್ ಆಪ್, ಆಸುಸ್‌ನಲ್ಲಿ ಮೈಆಸುಸ್, ಡೆಲ್ ಎಚ್‌ಪಿಗಳಲ್ಲಿ ಬಯೋಸ್ (ವಿಂಡೋಸ್ ಶುರುವಾಗೋ ಮೊದ್ಲೇ ತೆರೆಯೋ ಸೆಟ್ಟಿಂಗ್ ಪುಟ) ಒಳಗೇ ಚಾರ್ಜ್‌ಗೆ ಮಿತಿ ಹಾಕೋ ಸೆಟ್ಟಿಂಗ್ ಇರುತ್ತೆ, ಸಾಮಾನ್ಯವಾಗಿ 60 ಇಲ್ಲಾ 80. ಕಾರಣ ಇದೆ, ಲ್ಯಾಪ್‌ಟಾಪ್ ಬ್ಯಾಟರಿ ಒಳಗಿರೋ ಲಿಥಿಯಂ ಅಯಾನ್ ಸೆಲ್ಲು ಪೂರ್ತಿ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟ್‌ಗೆ ಹೋಗುತ್ತೆ, ಆ ಮೇಲಿನ ವೋಲ್ಟೇಜಲ್ಲೇ ದಿನಗಟ್ಲೆ ಕೂತ್ರೆ, ಅದ್ರಲ್ಲೂ ಬಿಸೀಲಿ ಕೂತ್ರೆ, ಬೇಗ ಸವೀತದೆ. ಅದಕ್ಕೇ ಮಿತಿ. ಇನ್ನು ಕೆಲವು ಲ್ಯಾಪ್‌ಟಾಪ್‌ಗಳು ಚಾರ್ಜ್ 95ಕ್ಕಿಂತ ಕೆಳಗಿಳಿಯೋವರೆಗೂ ಮತ್ತೆ ಚಾರ್ಜ್ ಶುರುನೇ ಮಾಡಲ್ಲ, 97 ಇದ್ದಾಗ ಚಾರ್ಜರ್ ಹಾಕಿ ನಾಟ್ ಚಾರ್ಜಿಂಗ್ ಅಂದ್ರೆ ಗಾಬರಿ ಬೀಳೋದು ಬೇಡ. ನಂಬರು 60, 80 ಅಂತ ರೌಂಡಾಗಿ ನಿಂತಿದ್ರೆ ನೂರಕ್ಕೆ ನೂರು ಸೆಟ್ಟಿಂಗೇ ಅಂತ ಹೇಳಕ್ಕಾಗಲ್ಲ, ಆದ್ರೆ ನಾನಂತೂ ಮೊದ್ಲು ಅಲ್ಲೇ ನೋಡ್ತೀನಿ.

ಎರಡ್ನೇದು ಚಾರ್ಜರ್. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಜನ ಮೋಸ ಹೋಗೋದು ಇಲ್ಲೇ. ಚಾರ್ಜರ್ ಹಾಕಿದ್ರೆ ಲ್ಯಾಪ್‌ಟಾಪ್ ಆನ್ ಆಗುತ್ತೆ, ಲೈಟೂ ಉರಿಯುತ್ತೆ, ಹಂಗಾಗಿ ಚಾರ್ಜರ್ ಸರಿ ಇದೆ ಅಂತ ತೀರ್ಮಾನ ಮಾಡ್ಬಿಡ್ತೀವಿ. ಅದು ಸಾಲದು. ಡೆಲ್, ಎಚ್‌ಪಿಯ ದುಂಡು ಪಿನ್ನಿನ ಚಾರ್ಜರ್ ಇದ್ರೆ ಅದರ ಬಾಯನ್ನ ಬೆಳಕಿಗೆ ಹಿಡಿದು ನೋಡಿ, ಒಳಗೆ ನಟ್ಟನಡುವೆ ಸೂಜಿ ಥರ ಒಂದು ತೆಳು ಪಿನ್ ಕಾಣುತ್ತೆ. ಕರೆಂಟ್ ಅದ್ರಲ್ಲಿ ಬರಲ್ಲ. ನಾನು ಇಷ್ಟು ವ್ಯಾಟ್ ಚಾರ್ಜರ್ರು ಅಂತ ಲ್ಯಾಪ್‌ಟಾಪ್‌ಗೆ ಪರಿಚಯ ಹೇಳ್ಕೊಳ್ಳೋ ದಾರಿ ಅದು. ಆ ಪಿನ್ ಬಾಗಿದ್ರೆ, ಮುರಿದಿದ್ರೆ, ಅಥವಾ ವೈರು ಪಿನ್ ಹತ್ರ ಮಡಚಿ ಮಡಚಿ ಒಳಗೊಳಗೇ ತುಂಡಾಗಿದ್ರೆ ಲ್ಯಾಪ್‌ಟಾಪ್ ನಡೆಯುತ್ತೆ, ಬ್ಯಾಟರಿ ಮಾತ್ರ ಚಾರ್ಜ್ ಆಗಲ್ಲ, ಯಾಕಂದ್ರೆ ಗುರುತು ಸಿಗದ ಚಾರ್ಜರ್‌ನಿಂದ ಜಾಸ್ತಿ ಕರೆಂಟ್ ಎಳೆಯೋಕೆ ಅದಕ್ಕೆ ಧೈರ್ಯ ಇಲ್ಲ. ನಮ್ಮ ಪರಿಚಯದ ಮೇಷ್ಟ್ರೊಬ್ಬರ ಲ್ಯಾಪ್‌ಟಾಪ್ ಹೀಗೇ ಆಗಿತ್ತು, ಬೇರೆಯವರ ಚಾರ್ಜರ್ ಹತ್ತು ನಿಮಿಷ ಎರವಲು ತಂದು ಹಾಕಿದ್ವಿ, ಚಾರ್ಜ್ ಏರೋಕೆ ಶುರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ, ಬ್ಯಾಟರಿ ಬದಲಾಯಿಸಿದ್ರೆ ಅದೇ ಕಥೆ ಆಗ್ತಿತ್ತು.

ಚಾರ್ಜರ್ ವೈರಿನ ನಡುವೆ ಇರೋ ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ ಔಟ್‌ಪುಟ್ ಅಂತ ಬರೆದಿರುತ್ತೆ, ಅದನ್ನೂ ಓದಿ. 19.5 ವೋಲ್ಟ್, 3.34 ಆಂಪ್ ಅಂತಿದ್ರೆ ಗುಣಿಸಿ, 65 ವ್ಯಾಟ್. ಲ್ಯಾಪ್‌ಟಾಪ್ ಕೇಳೋದು 65, ನೀವು ಹಾಕಿರೋದು ಮನೇಲಿ ಬಿದ್ದಿದ್ದ 45ರದ್ದು ಅಂದ್ರೆ ಕೆಲಸ ಮಾಡ್ತಾ ಇರುವಾಗ ಬಂದಿದ್ದೆಲ್ಲಾ ಲ್ಯಾಪ್‌ಟಾಪ್ ಹೊಟ್ಟೆಗೇ ಹೋಗುತ್ತೆ, ಬ್ಯಾಟರಿಗೆ ಉಳಿಯೋದೇನು. ಇದನ್ನ ಪತ್ತೆ ಹಚ್ಚೋದು ಸುಲಭ, ಪೂರ್ತಿ ಶಟ್‌ಡೌನ್ ಮಾಡಿ ಅರ್ಧ ಗಂಟೆ ಚಾರ್ಜ್‌ಗಿಡಿ. ಆಫ್ ಇದ್ದಾಗ ಏರುತ್ತೆ ಆನ್ ಇದ್ದಾಗ ಏರಲ್ಲ ಅಂದ್ರೆ ಬ್ಯಾಟರಿ ಮೇಲೆ ಅನುಮಾನ ಪಡೋ ಮೊದ್ಲು ವ್ಯಾಟ್, ಬಿಸಿ, ವಿಂಡೋಸ್ ಈ ಮೂರನ್ನ ವಿಚಾರಿಸ್ಕೊಳ್ಳಿ.

ಟೈಪ್ ಸಿ ಬಂದ್ಮೇಲೆ ಗೋಜಲು ಕಮ್ಮಿ ಆಗುತ್ತೆ ಅನ್ಕೊಂಡಿದ್ವಿ, ಜಾಸ್ತಿ ಆಯ್ತು. ನೋಡೋಕೆ ಎಲ್ಲಾ ಒಂದೇ ಥರ. ಆದ್ರೆ ಲ್ಯಾಪ್‌ಟಾಪ್‌ನ ಎರಡು ಟೈಪ್ ಸಿ ತೂತಲ್ಲಿ ಒಂದರಲ್ಲಿ ಮಾತ್ರ ಚಾರ್ಜ್ ಆಗ್ಬಹುದು, ಇನ್ನೊಂದು ಬರೀ ಡೇಟಾಗೆ. ಫೋನಿನ ಹಳೆ ಚಾರ್ಜರ್ ಬರೀ 5 ವೋಲ್ಟ್ ಕೊಡೋದಾದ್ರೆ ಬಹುತೇಕ ಲ್ಯಾಪ್‌ಟಾಪ್‌ಗಳು ಅದನ್ನ ಮೂಸಿನೂ ನೋಡಲ್ಲ, ಅವಕ್ಕೆ ಬೇಕಿರೋದು ಹೆಚ್ಚಾಗಿ 20 ವೋಲ್ಟ್. ಕೇಬಲ್ಲೂ ಅಷ್ಟೇ, ಒಳಗೆ ಗುರುತಿನ ಚಿಪ್ ಇಲ್ಲದ ಸಾಧಾರಣ ಕೇಬಲ್ಲಿಗೆ 3 ಆಂಪೇ ಮಿತಿ, ಅಂದ್ರೆ 20 ವೋಲ್ಟ್‌ನಲ್ಲಿ 60 ವ್ಯಾಟ್, ಚಾರ್ಜರ್ 100 ವ್ಯಾಟಿಂದೇ ಇರ್ಲಿ, ಕೇಬಲ್ ಬಿಡಲ್ಲ. ಮತ್ತೆ ಆ ತೂತಲ್ಲಿ ಬ್ಯಾಗಿನ ಧೂಳು, ನೂಲು ಸೇರ್ಕೊಂಡಿರುತ್ತೆ, ಲ್ಯಾಪ್‌ಟಾಪ್ ಆಫ್ ಮಾಡಿ ಟಾರ್ಚ್ ಬಿಟ್ಟು ನೋಡಿ, ಮರದ ಹಲ್ಲುಕಡ್ಡೀಲಿ ಮೆಲ್ಲಗೆ ತೆಗೀರಿ. ಸೇಫ್ಟಿ ಪಿನ್ ಹಾಕ್ಬೇಡಿ ದಯವಿಟ್ಟು.

ಇನ್ನು ಬಿಸಿ. ಬ್ಯಾಟರಿ ಪ್ಯಾಕ್ ಒಳಗೆ ಶಾಖ ಅಳೆಯೋ ಸೆನ್ಸರ್ ಇರುತ್ತೆ, ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಸೆಲ್ಸಿಯಸ್ ಒಳಗಿದ್ರೆ ಮಾತ್ರ ಚಾರ್ಜ್‌ಗೆ ಒಪ್ಪುತ್ತೆ. ಹಾಸಿಗೆ ಮೇಲಿಟ್ಟು ಗಾಳಿ ಹೋಗೋ ಜಾಗ ಮುಚ್ಚಿ ಗೇಮ್ ಆಡ್ತಾ ಚಾರ್ಜ್ ಆಗ್ತಿಲ್ಲ ಅಂದ್ರೆ ಅದರ ತಪ್ಪಲ್ಲ. ತಣ್ಣಗಾಗಲಿ ಅಂತ ಫ್ರಿಜ್‌ಗಿಡೋ ಐಡಿಯಾ ಇದಕ್ಕಿಂತ ಕೆಟ್ಟದ್ದು, ಆಚೆ ತೆಗೆದ ಮೇಲೆ ಒಳಗೆಲ್ಲ ನೀರಾಡುತ್ತೆ, ಅದು ಸಾಲದು ಅಂತ ಯಾರಾದ್ರೂ ಫ್ರೀಜರ್‌ಗೇ ಇಟ್ಟು, ಸೊನ್ನೆ ಡಿಗ್ರಿಗಿಂತ ತಣ್ಣಗಿರೋ ಲಿಥಿಯಂ ಸೆಲ್ಲಿಗೆ ಚಾರ್ಜ್ ಕೊಟ್ರೆ ಲಿಥಿಯಂ ಲೋಹವೇ ಪದರ ಪದರವಾಗಿ ಒಳಗೆ ಕೂತ್ಕೊಳ್ಳುತ್ತೆ, ಸೆಲ್ ಒಳಗೇ ಶಾರ್ಟ್ ಆಗೋ ಅಪಾಯ. ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಿ ಅನ್ನೋದು ಹಳೇ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಸೋನಿಯವರು ಲಿಥಿಯಂ ಅಯಾನ್ ಬ್ಯಾಟರಿ ಮಾರ್ಕೆಟ್ಟಿಗೆ ತಂದಿದ್ದು 1991ರಲ್ಲಿ, ಅದನ್ನ ಕಟ್ಟಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಅವರಿಗೆ 2019ರಲ್ಲಿ ನೊಬೆಲ್ಲೂ ಬಂತು, ನಮ್ಮ ಟಿಪ್ಸ್ ಮಾತ್ರ ಇನ್ನೂ ಅದಕ್ಕಿಂತ ಹಿಂದೇನೇ ಇದೆ.

ಇಷ್ಟೆಲ್ಲಾ ಸರಿ ಇದ್ದೂ ಏರ್ತಿಲ್ವಾ, ಆಗ ಒಂದು ಹಳೆ ಮದ್ದು. ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಹೊರಗಿಂದ ತೆಗೆಯೋ ಹಂಗಿದ್ರೆ ಅದನ್ನೂ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡೀರಿ. ಮಂತ್ರ ಅಲ್ಲ ಇದು, ಲ್ಯಾಪ್‌ಟಾಪ್ ಆಫ್ ಇದ್ರೂ ಒಳಗೊಂದು ಸಣ್ಣ ಚಿಪ್ ಎಚ್ಚರ ಇರುತ್ತೆ, ಚಾರ್ಜಿಂಗ್ ಉಸ್ತುವಾರಿ ಅದರದ್ದೇ, ಅದು ಎಲ್ಲೋ ಸಿಕ್ಕಾಕ್ಕೊಂಡಿದ್ರೆ ಹೀಗೆ ಮಾಡಿದಾಗ ಮೊದಲಿಂದ ಶುರು ಮಾಡುತ್ತೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಯಾಟರೀಸ್ ಅಂತಿರೋ ಕಡೆ ಮೈಕ್ರೋಸಾಫ್ಟ್ ಎಸಿಪಿಐ ಅಂತ ಶುರುವಾಗೋ ಬ್ಯಾಟರಿ ಡ್ರೈವರನ್ನ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡೋದೂ ಇದೆ, ಅದು ತಾನೇ ವಾಪಸ್ ಬರುತ್ತೆ. ವಿಂಡೋಸ್ ತಪ್ಪೋ ಅಲ್ವೋ ಅಂತ ತಿಳೀಬೇಕಂದ್ರೆ ಬಯೋಸ್‌ಗೆ ಹೋಗಿ ಅಲ್ಲೇ ಸ್ವಲ್ಪ ಹೊತ್ತು ಬಿಡಿ, ಅಲ್ಲಿ ಏರಿದ್ರೆ ವಿಂಡೋಸ್‌ದೇ ಕಿತಾಪತಿ.

ಬ್ಯಾಟರಿ ನಿಜವಾಗ್ಲೂ ಹೋಗಲ್ಲ ಅಂತ ನಾನು ಹೇಳ್ತಿಲ್ಲ, ಹೋಗುತ್ತೆ. ಆದ್ರೆ ಅದಕ್ಕೆ ಲೆಕ್ಕ ಇದೆ, ಊಹೆ ಬೇಕಿಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡೋ ಕಪ್ಪು ಕಿಟಕಿ) ಓಪನ್ ಮಾಡಿ powercfg /batteryreport ಅಂತ ಟೈಪ್ ಮಾಡಿ ಎಂಟರ್ ಒತ್ತಿದ್ರೆ ಒಂದು ಫೈಲ್ ಬರುತ್ತೆ. ಅದ್ರಲ್ಲಿ ಡಿಸೈನ್ ಕೆಪಾಸಿಟಿ ಅಂದ್ರೆ ಹೊಸದಿದ್ದಾಗ ಎಷ್ಟು ಹಿಡೀಬೇಕಿತ್ತು, ಫುಲ್ ಚಾರ್ಜ್ ಕೆಪಾಸಿಟಿ ಅಂದ್ರೆ ಈಗ ಎಷ್ಟು ಹಿಡಿಯುತ್ತೆ. ಕೆಳಗೆ ಹಳೆ ವಾರಗಳ ಲೆಕ್ಕನೂ ಇರುತ್ತೆ. ನಾನು ಹೊಸ ಬ್ಯಾಟರಿ ಹಾಕಿಸಿದ ಮೇಲೆ, ಹೌದು ಆದ್ಮೇಲೆನೇ, ನೋಡಿದ್ದು: ಹಳೇದು 45,000ಕ್ಕೆ 39,000 ಮಿಲಿವ್ಯಾಟ್ ಅವರ್ ಹಿಡೀತಿತ್ತು. ನೂರಕ್ಕೆ ಸುಮಾರು 87. ಗಟ್ಟಿಮುಟ್ಟಾಗಿದ್ದ ಎಮ್ಮೆ.

ಎರಡು ಕಡೆ ಮಾತ್ರ ಪ್ರಯೋಗ ಬೇಡ. ಒಂದು, ತಿಂಗಳುಗಟ್ಲೆ ಸೊನ್ನೆ ಚಾರ್ಜಲ್ಲಿ ಬೀರು ಸೇರಿದ್ದ ಲ್ಯಾಪ್‌ಟಾಪು, ಅದರ ಸೆಲ್ ವೋಲ್ಟೇಜ್ ತೀರಾ ಕೆಳಗಿಳಿದಿದ್ರೆ ಒಳಗಿನ ರಕ್ಷಣಾ ಸರ್ಕ್ಯೂಟೇ ಚಾರ್ಜ್ ತಗೊಳ್ಳೋದನ್ನ ನಿಲ್ಸುತ್ತೆ, ಹೊರಗಿಂದ ವೈರ್ ಕೊಟ್ಟು ಎಬ್ಬಿಸ್ತೀನಿ ಅಂತ ಹೊರಡೋರು ಬೆಂಕಿ ಜೊತೆ ಆಡ್ತಿದಾರೆ. ಎರಡು, ಟಚ್‌ಪ್ಯಾಡ್ ಎದ್ದಿದ್ರೆ, ಕೆಳಗಿನ ಮುಚ್ಚಳ ಉಬ್ಬಿ ಟೇಬಲ್ ಮೇಲೆ ಲ್ಯಾಪ್‌ಟಾಪ್ ಲಟಪಟ ಅಂತಿದ್ರೆ, ಬ್ಯಾಟರಿ ಊದಿದೆ ಅಂತಲೇ ತಿಳ್ಕೊಂಡು ಚಾರ್ಜರ್ ಕಿತ್ತು ಆಫ್ ಮಾಡಿ. ಒತ್ತಬಾರದು, ಚುಚ್ಚಬಾರದು, ಕಸದ ಬುಟ್ಟಿಗೂ ಹಾಕಬಾರದು, ಗೊತ್ತಿರೋರಿಗೆ ಕೊಡಿ. ಇಲ್ಲಿ ನಿಮ್ಮ ಅಂಕಣದವರ ಮಾತೇ ಸರಿ, ಹೊಸದೇ ಹಾಕಿಸ್ಬೇಕು, ಆದ್ರೆ ಇದನ್ನೇ ಅವರು ಹೇಳಿಲ್ಲ.

ನನ್ನ ಸಿಟ್ಟು ನಿಮ್ಮ ಮೇಲಿಗಿಂತ ಲ್ಯಾಪ್‌ಟಾಪ್ ಮಾಡೋರ ಮೇಲೆ ಜಾಸ್ತಿ. ಬಿಸಿ ಆಗಿದೆ ಅಂತ, ಚಾರ್ಜರ್ ಗುರುತು ಸಿಗ್ತಿಲ್ಲ ಅಂತ, ನೀವೇ 60ಕ್ಕೆ ಮಿತಿ ಹಾಕಿದೀರ ಅಂತ ಒಳಗಿನ ಚಿಪ್‌ಗೆ ಗೊತ್ತಿದ್ರೆ ಆ ಒಂದು ಸಾಲನ್ನ ಬ್ಯಾಟರಿ ಗುರುತಿನ ಪಕ್ಕ ಬರೆಯೋಕೆ ಏನು ಕಷ್ಟ? ಕೆಲವು ಡೆಲ್‌ಗಳು ಆನ್ ಮಾಡ್ತಿದ್ದಂಗೆ ಚಾರ್ಜರ್ ಯಾವುದು ಅಂತ ತಿಳೀತಿಲ್ಲ ಅಂತ ಹೇಳ್ತವೆ, ಹೊಸ ವಿಂಡೋಸ್‌ನಲ್ಲಿ ಚಾರ್ಜರ್ ನಿಧಾನ ಇದ್ರೆ ಸ್ಲೋ ಚಾರ್ಜರ್ ಅಂತ ಬರುತ್ತೆ, ಅಂದ್ರೆ ಆಗದ ಕೆಲಸ ಏನಲ್ಲ. ಬರೀ "ನಾಟ್ ಚಾರ್ಜಿಂಗ್" ಅನ್ನೋದು ಡಾಕ್ಟ್ರು ರೋಗಿಗೆ "ನಿಮಗೆ ಹುಷಾರಿಲ್ಲ" ಅಂತ ಹೇಳಿ ಕಳಿಸಿದ ಹಾಗೆ.

ನಿಮ್ಮಲ್ಲಿ ಕೇಳೋದು ಇಷ್ಟೇ, ಮುಂದಿನ ವಾರ ಅದೇ ಪುಟದಲ್ಲಿ ಫ್ರಿಜ್ ಟಿಪ್ ವಾಪಸ್ ತಗೊಂಡಿದೀವಿ ಅಂತ ನಾಲ್ಕು ಸಾಲು ಹಾಕಿ, ಯಾರಾದ್ರೂ ನಿಜವಾಗ್ಲೂ ಇಟ್ಬಿಟ್ಟಾರು. ಆ ಪ್ರಶ್ನೆ ಕೇಳಿದ ಓದುಗರಿಗೂ ತಿಳಿಸಿ, ಅವರ ಚಾರ್ಜ್ ಎಷ್ಟಕ್ಕೆ ನಿಂತಿದೆ ಅಂತ ಅವರು ಬರೆದಿರ್ಲಿಲ್ಲ, ನಿಮ್ಮವರೂ ಕೇಳಿರ್ಲಿಲ್ಲ.

ಅಂದಹಾಗೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಆ 60ರ ಸ್ವಿಚ್ ಮತ್ತೆ ಆನ್ ಇದೆ. ದಿನವಿಡೀ ಚಾರ್ಜರ್ ಹಾಕ್ಕೊಂಡೇ ಕೂರೋನಿಗೆ ಅದೇ ಸರಿ, ಮಗಳು ಹೇಳಿದ್ದು ಸುಳ್ಳಲ್ಲ. ಈ ಸಲ ನಾನೇ ಆನ್ ಮಾಡಿದ್ದು, ಮರೆತೋಗ್ಬಾರ್ದು ಅಂತ ಕೀಬೋರ್ಡ್ ಪಕ್ಕ ಒಂದು ಚೀಟಿ ಬರೆದು ಅಂಟಿಸಿದೀನಿ.

ಇಂತಿ,
ನಿಮ್ಮ ಹಳೆಯ ಓದುಗ